ಅದು ಬಣ್ಣ, ಡಾಕ್ಟ್ರೇ

"ಅಮ್ಮನ ಕಾಲ ಮೇಲೆ ಇದೇನು?"

ಮಗಳು ಹೀಗೆ ಕೇಳಿದಾಗ ಮನೆಯಲ್ಲಿ ಯಾರೂ ತಲೆ ಎತ್ತಲಿಲ್ಲ. ಮಗ ಬ್ರೆಡ್ಡನ್ನು ಚಹಾದಲ್ಲಿ ಅದ್ದುತ್ತಿದ್ದ. ಅಪ್ಪ ಕನ್ನಡಕ ಹುಡುಕುತ್ತಿದ್ದರು. ಅದು ಅವರ ಹಣೆಯ ಮೇಲೇ ಇತ್ತು. ಸೊಸೆ ಒಳಗೆ ಗಂಜಿ ತಿರುವುತ್ತಿದ್ದಳು.

"ಬಣ್ಣ ಇರಬೇಕು ಬಿಡಕ್ಕ," ಅಂದ ಮಗ.

"ಹಾಸಿಗೆ ಹಿಡಿದು ಎಷ್ಟು ದಿನ ಆಯ್ತು? ಹಂಡೆ ಹತ್ರಾನೇ ಹೋಗದೋರಿಗೆ ಬಣ್ಣ ಎಲ್ಲಿಂದ ಸಿಡಿಯುತ್ತೆ?"

"ನಮ್ಮ ಬಣ್ಣ ಅಷ್ಟು ಬೇಗ ಹೋಗಲ್ಲ. ಹೋಗೋ ಹಾಗಿದ್ರೆ ಗಿರಾಕಿಗಳು ಯಾಕೆ ಬರ್ತಿದ್ರು?"

ಮಾತು ತಮಾಷೆಗೆ ಆಡಿದ್ದಾದರೂ ಅದರಲ್ಲಿ ಸುಳ್ಳಿರಲಿಲ್ಲ. ಅದು ಬಟ್ಟೆಗೆ ಬಣ್ಣ ಹಾಕುವವರ ಮನೆ. ಮುಂದೆ ವಾಸ, ಹಿಂದೆ ತಗಡಿನ ಶೆಡ್ಡಿನಲ್ಲಿ ಕೆಲಸ. ಮಾಸಿದ ಪರದೆ, ಬಿಳಚಿಕೊಂಡ ಕೋಟು, ಹೊಸ ನೂಲಿನ ಲಡಿ, ಏನು ತಂದುಕೊಟ್ಟರೂ ಕೇಳಿದ ಬಣ್ಣಕ್ಕೆ ತಿರುಗಿಸಿ ಕೊಡುತ್ತಿದ್ದರು. ಮನೆಯವರ ಕೈಗೆ ಮೊಣಕೈವರೆಗೆ, ಕಾಲಿಗೆ ಮೊಣಕಾಲವರೆಗೆ ಯಾವಾಗಲೂ ಏನಾದರೊಂದು ಬಣ್ಣ ಅಂಟಿಕೊಂಡೇ ಇರುತ್ತಿತ್ತು. ಉಗುರು ನೀಲಿಗಟ್ಟಿದರೆ ಬೇರೆಯವರು ಡಾಕ್ಟರ ಹತ್ತಿರ ಓಡುತ್ತಾರೆ. ಇವರು ಸಾಬೂನು ಹುಡುಕುತ್ತಿದ್ದರು.

ಆಸ್ಪತ್ರೆಯಲ್ಲಿ ಆದದ್ದೂ ಅದೇ. ಮನೆಯ ಯಜಮಾನಿಯಾದ ಅಮ್ಮನಿಗೆ ಲಕ್ವ ಹೊಡೆದು, ಬಲಗೈ ಬಲಗಾಲು ಸ್ವಾಧೀನ ತಪ್ಪಿ, ಮಾತು ನಿಂತು ಅಲ್ಲಿಗೆ ಸೇರಿಸಿದ ದಿನ ಎಳೆ ವಯಸ್ಸಿನ ಡಾಕ್ಟರೊಬ್ಬ ಹೊದಿಕೆ ಸರಿಸಿ, "ಕಾಲಲ್ಲಿ ಈ ನೇರಳೆ ಚುಕ್ಕೆಗಳು ಯಾವಾಗಿನಿಂದ ಇವೆ?" ಎಂದು ಕೇಳಿದ್ದ. ಗಂಡ, ಮಗ, ಮಗಳು, ಸೊಸೆ ನಾಲ್ವರೂ ಒಂದೇ ಬಾಯಲ್ಲಿ, "ಅದು ಬಣ್ಣ, ಡಾಕ್ಟ್ರೇ," ಅಂದಿದ್ದರು. ಮಗ ಅಂಗಿಯ ತೋಳು ಮಡಚಿ ತನ್ನ ನೇರಳೆ ಮೊಣಕೈಯನ್ನು ಸಾಕ್ಷಿಯಾಗಿ ತೋರಿಸಿದ್ದ. ಅವನು ನಕ್ಕು ಹೊದಿಕೆ ಎಳೆದಿದ್ದ. ಆ ಮನೆಯ ನಾಲ್ವರು ಒಂದು ಮಾತಿಗೆ ಒಪ್ಪಿದ್ದು ಅಷ್ಟು ವರ್ಷಗಳಲ್ಲಿ ಅದೊಂದೇ ಸಲ.

ಯಜಮಾನಿ ಎಂದು ಆಕೆಯನ್ನು ಕರೆಯುತ್ತಿದ್ದದ್ದು ಬೀದಿಯೆಲ್ಲ. ಬಣ್ಣ ಕೂಡಿಸುವ ಕೆಲಸ ಆಕೆಯದು. ಹಳದಿಗೆ ಎಷ್ಟು ಕೆಂಪು ಬಿದ್ದರೆ ಇಟ್ಟಿಗೆ ಬಣ್ಣ, ಕಪ್ಪಿಗೆ ಯಾವ ನೀಲಿ ಬೆರೆತರೆ ಅದು ಕಂದಿದಂತೆ ಕಾಣುವುದಿಲ್ಲ ಎನ್ನುವುದೆಲ್ಲ ಆಕೆಯ ಕಣ್ಣಳತೆಯಲ್ಲೇ ಇತ್ತು. ಗಂಡ ಒಲೆ ಉರಿಸುವವರು, ಹಂಡೆ ತಿರುವುವವರು. ಮಕ್ಕಳು ಕರೆದ ಹಾಗೆ ನಾವೂ ಅವರನ್ನು ಅಪ್ಪ ಎಂದೇ ಕರೆಯೋಣ. ಅವರಿಗೆ ಬೇರೆ ಪದವಿ ಯಾರೂ ಕೊಟ್ಟಿರಲಿಲ್ಲ. ಮಗ ಅಂಗಡಿಗಳಿಗೆ ತಿರುಗಿ ಕೆಲಸ ಹಿಡಿದು ತರುತ್ತಿದ್ದ. ಮಗಳು ಅವನಿಗಿಂತ ದೊಡ್ಡವಳು, ಮದುವೆಯಾಗಿ ಊರಿನ ಇನ್ನೊಂದು ತುದಿಯಲ್ಲಿದ್ದಳು, ಚಪ್ಪಲಿ ಅಂಗಡಿಯಲ್ಲಿ ಕೆಲಸ. ಚಿಕ್ಕಂದಿನಲ್ಲಿ ಸಕ್ಕರೆ ಡಬ್ಬಿಗೆ ಕೈ ಹಾಕಿದವರು ಯಾರು ಎಂದು ಬಾಯಿ ಮೂಸಿ ಕಂಡುಹಿಡಿಯುತ್ತಿದ್ದಳಂತೆ. ಅಂದಿನಿಂದ ಅವಳ ಹೆಸರು ಪೊಲೀಸಕ್ಕ.

ಇನ್ನು ಸೊಸೆ. ಬಂದು ನಾಲ್ಕು ವರ್ಷವಾಗಿದ್ದರೂ ಅವಳಿಗೆ ತೊಟ್ಟಿಯ ತಣ್ಣೀರಿನಲ್ಲಿ ಬಟ್ಟೆ ಜಾಲಿಸುವುದು ಬಿಟ್ಟರೆ ಬೇರೆ ಕೆಲಸ ಸಿಕ್ಕಿರಲಿಲ್ಲ. ಬಣ್ಣದ ಡಬ್ಬಿ ಮುಟ್ಟಲು ಹೋದರೆ ಅತ್ತೆ ಕೈ ತಟ್ಟುತ್ತಿದ್ದಳು. "ನೀನು ನೋಡ್ತಾ ಇರು ಸಾಕು. ನೋಡಿ ನೋಡಿನೇ ಬರಬೇಕು."

"ನಾಲ್ಕು ವರ್ಷದಿಂದ ನೋಡ್ತಾನೇ ಇದೀನಿ ಅತ್ತೆ. ನನ್ನ ಕಣ್ಣಿಗೇ ಬಣ್ಣ ಹತ್ತಿಹೋಯ್ತು."

ಯಜಮಾನಿ ಬಿದ್ದ ದಿನವೂ ಜಗಳ ನಡೆದಿತ್ತು. ಹೋಟೆಲೊಂದರ ಬಡಿಸುವವರ ಕೋಟುಗಳಿಗೆ ಕಪ್ಪು ಹಾಕುವ ಕೆಲಸ. ಕಪ್ಪು ಸ್ವಲ್ಪ ಕೆಂಪಗೆ ಹೊಡೆಯುತ್ತಿದೆ ಎಂದು ಸೊಸೆ, ನಿನ್ನ ಕಣ್ಣೇ ಕೆಂಪಗಿದೆ ಎಂದು ಅತ್ತೆ. ಇಬ್ಬರ ದನಿಯೂ ಬೀದಿ ದಾಟಿತ್ತು. ಅಪ್ಪ ಬಣ್ಣಕ್ಕೆ ಬೆರೆಸುವ ಉಪ್ಪಿನ ಮೂಟೆ ತರಲು ಹೋಗಿದ್ದರು, ಮಗ ಊರಾಚೆ ಇದ್ದ. ಸಿಟ್ಟಿನಲ್ಲಿ ಯಜಮಾನಿ ತಾನೇ ತೊಟ್ಟಿಗೆ ಎರಡೂ ಕೈ ಇಳಿಸಿ ಕೋಟು ಎತ್ತಲು ಬಗ್ಗಿದವಳು ಹಾಗೇ ಪಕ್ಕಕ್ಕೆ ಉರುಳಿದಳು. ಇದು ಸೊಸೆ ಹೇಳಿದ ಮಾತು. ನೋಡಿದವರು ಬೇರೆ ಯಾರೂ ಇಲ್ಲ.

ಎದುರಂಗಡಿಯ ದರ್ಜಿ ಕಂಡದ್ದು ಆಮೇಲಿನದು. "ಸುಳ್ಳು ಯಾಕೆ ಹೇಳಲಿ, ನಾನು ಕಿಟಕಿಯಿಂದ ನೋಡಿದೆ," ಎಂದು ಅವನು ಕೇಳಿದವರಿಗೆಲ್ಲ ಹೇಳಿದ. "ಯಜಮಾನಿ ನೆಲದ ಮೇಲೆ. ಆ ಹುಡುಗಿ ಮೊದಲು ಹಂಡೆ ಒಲೆ ಆರಿಸಿದಳು. ಆಮೇಲೆ ಕೂಗಿಕೊಂಡಳು."

ಕುದಿಯುವ ಹಂಡೆಯ ಬುಡದಲ್ಲಿ ಮನುಷ್ಯರು ಬಿದ್ದಿದ್ದರೆ ಮೊದಲು ಉರಿ ಆರಿಸಬೇಕೆಂದು ಅವಳಿಗೆ ಕಲಿಸಿದವಳು ಅತ್ತೆಯೇ. ಆದರೆ ಅದನ್ನು ಹೇಳಬೇಕಾದವಳ ಬಾಯಿ ನಿಂತುಹೋಗಿತ್ತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ದರ್ಜಿ ಗಾದೆ ಬೇರೆ ಸೇರಿಸಿದ. ಮರುವಾರದಿಂದ ಸೊಸೆಯೇ ಬಣ್ಣದ ಡಬ್ಬಿ ತೆರೆದಳು, ಬೇರೆ ದಾರಿ ಇರಲಿಲ್ಲ. ಬಣ್ಣ ಸರಿಯಿಲ್ಲವೆಂದು ಯಾವ ಗಿರಾಕಿಯೂ ಬಟ್ಟೆ ಹಿಂದಕ್ಕೆ ತರಲಿಲ್ಲ. ಅದೂ ಅವಳ ಮೇಲಿನ ದೂರಿಗೇ ಸೇರಿತು.

ಕಾಲಿನ ಕಲೆಯ ವಿಷಯಕ್ಕೆ ಬರೋಣ. ಅಪ್ಪ ಅದನ್ನು ತಮ್ಮ ದಾರಿಯಲ್ಲಿ ಬಗೆಹರಿಸಲು ಹೊರಟರು. ಶೆಡ್ಡಿನಿಂದ ಬಣ್ಣ ಬಿಡಿಸುವ ಪುಡಿ ತಂದು, ನೀರಿಗೆ ಕದಡಿ, ಹತ್ತಿಯಲ್ಲಿ ಅದ್ದಿ ಹೆಂಡತಿಯ ಕಣಕಾಲಿಗೆ ಉಜ್ಜಿದರು.

"ಮಾವ, ಅದು ಬಟ್ಟೆಗೆ ಹಾಕೋದು!" ಸೊಸೆ ಓಡಿಬಂದಳು.

"ಬಟ್ಟೆ ಏನು, ಚರ್ಮ ಏನು? ಬಣ್ಣ ಬಣ್ಣವೇ."

ಚರ್ಮ ಕೆಂಪಗಾಗಿ ಸುಲಿಯಿತು. ಚುಕ್ಕೆಗಳು ಇದ್ದಲ್ಲೇ ಇದ್ದವು. ಅಪ್ಪ ಪುಡಿಯ ಡಬ್ಬಿಯನ್ನು ತಿರುಗಿಸಿ ನೋಡಿ, "ಈ ಸಲದ ಸರಕು ಸರಿಯಿಲ್ಲ," ಎಂದು ತೀರ್ಪು ಕೊಟ್ಟರು.

ಪೊಲೀಸಕ್ಕ ವಾರದ ರಜೆಯ ದಿನ ಮತ್ತೆ ಬಂದಳು. ಕೈಚೀಲದಿಂದ ಪೆನ್ನು ತೆಗೆದು, ಅಮ್ಮನ ಎರಡೂ ಕಾಲಿನಲ್ಲಿ ಚುಕ್ಕೆಗಳಿದ್ದ ಜಾಗದ ಸುತ್ತ ಗೆರೆ ಎಳೆದಳು, ನಕ್ಷೆಯಲ್ಲಿ ಕೆರೆ ಬರೆದ ಹಾಗೆ. ಯಾರಿಗೂ ಹೇಳಲಿಲ್ಲ. ಮುಂದಿನ ವಾರ ಬಂದವಳೇ ಹೊದಿಕೆ ಎತ್ತಿದಳು. ಗೆರೆ ಅರ್ಧ ಅಳಿಸಿತ್ತು. ಆದರೆ ಗೆರೆಯ ಆಚೆ, ಮೊಣಕಾಲ ಕೆಳಗೆ, ಹೊಸ ಚುಕ್ಕೆಗಳು ಎದ್ದಿದ್ದವು. ಕೆಲವು ಕೆಂಪು, ಕೆಲವು ನೇರಳೆ, ಮುಟ್ಟಿದರೆ ಸಣ್ಣಗೆ ಉಬ್ಬು.

ಊಟಕ್ಕೆ ಕೂತಾಗ ಅವಳು ಅನ್ನಕ್ಕೆ ಕೈ ಹಾಕಲಿಲ್ಲ.

"ಅಮ್ಮನ್ನ ತೊಳೆಯೋದು, ಒರೆಸೋದು ಯಾರು?"

"ನಾನೇ ಅಕ್ಕ," ಅಂದಳು ಸೊಸೆ.

"ಬೇರೆ ಯಾರೂ ಮುಟ್ಟಲ್ವಾ?"

"ಮಾವ ಗಂಜಿ ಕುಡಿಸ್ತಾರೆ. ಉಳಿದದ್ದೆಲ್ಲ ನಾನೇ. ಯಾಕೆ?"

"ಚಿವುಟಿದ್ರೆ ಹೀಗೇ ಕಲೆ ಬೀಳುತ್ತೆ. ಅದಕ್ಕೆ."

ಮಗ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದ. ಅಪ್ಪ, "ಏ, ಊಟದ ಹೊತ್ತಲ್ಲಿ ಏನು ಮಾತು," ಅಂದರು. ಸೊಸೆಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದಾಗ ಅವಳ ಮುಖ ಸುಣ್ಣವಾಯಿತು.

"ನಾನು ಚಿವುಟ್ತೀನಾ? ಅತ್ತೇನಾ?"

"ನಾನು ಯಾರ ಹೆಸರೂ ಹೇಳಿಲ್ಲ."

"ಈ ಮನೇಲಿ ಬೆಕ್ಕು ಕೂಡ ಇಲ್ಲ ಅಕ್ಕ. ಇನ್ಯಾರ ಹೆಸರು ಹೇಳೋಕಾಗುತ್ತೆ?"

"ಹಾಗಾದ್ರೆ ಅಮ್ಮನ್ನೇ ಕೇಳೋಣ." ಪೊಲೀಸಕ್ಕ ಎದ್ದು ಮಂಚದ ಹತ್ತಿರ ಹೋದಳು. "ಅಮ್ಮಾ, ನೋಡು ಇಲ್ಲಿ. ಇವಳು ನಿಂಗೆ ನೋವು ಮಾಡ್ತಾಳಾ? ಹೊಡೀತಾಳಾ?"

ಯಜಮಾನಿ ಮಗಳ ಮುಖವನ್ನೇ ದಿಟ್ಟಿಸಿದಳು. ಮೆಲ್ಲಗೆ ಹೌದು ಎಂದು ತಲೆಯಾಡಿಸಿದಳು.

ಸೊಸೆ ಕೈ ತೊಳೆಯದೇ ಬಂದು ಮಂಚದ ಆ ಕಡೆ ನಿಂತಳು. "ಅತ್ತೆ, ನಿಮ್ಮ ಮಗಳು ನಿಮಗೆ ಹೊಡೀತಾಳಾ?"

ಯಜಮಾನಿ ತಲೆಯಾಡಿಸಿದಳು.

"ಎದುರಂಗಡಿ ದರ್ಜಿ ಬಂದು ಹೊಡೀತಾನಾ?"

ತಲೆಯಾಡಿತು.

"ಈ ದಿಂಬು ಹೊಡೆಯುತ್ತಾ ಅತ್ತೆ?"

ದಿಂಬಿಗೂ ತಲೆಯಾಡಿತು. ಅಪ್ಪನಿಗೆ ನಗು ಬಂದು, ಹೆಂಡತಿಯ ಕಣ್ಣಲ್ಲಿ ನೀರು ಕಂಡು, ನಗು ಅಲ್ಲೇ ಸತ್ತಿತು.

"ಮಾತು ತಿರುಗಿಸೋದು ಚೆನ್ನಾಗಿ ಗೊತ್ತು ನಿಂಗೆ," ಅಂದಳು ಪೊಲೀಸಕ್ಕ. "ಆದ್ರೆ ಚುಕ್ಕೆ ತಾನಾಗೇ ಬರಲ್ಲ. ಇನ್ನು ಮೇಲೆ ಅಮ್ಮನ್ನ ನಾನು ನೋಡ್ಕೋತೀನಿ. ರಜೆ ಹಾಕಿ ಬರ್ತೀನಿ. ನೀನು ಮುಟ್ಟಬೇಡ."

ಸೊಸೆ ಗಂಡನ ಕಡೆ ತಿರುಗಿದಳು. "ನೀವೇನು ಹೇಳ್ತೀರಿ?"

"ಅಕ್ಕ ಸ್ವಲ್ಪ ದಿನ ನೋಡ್ಕೊಳ್ಳಲಿ ಬಿಡು. ನಿನಗೂ ವಿಶ್ರಾಂತಿ." ಅವನು ತಟ್ಟೆ ನೋಡುತ್ತಲೇ ಹೇಳಿದ. "ಬೇಕಾದ್ರೆ ನಿಮ್ಮಕ್ಕನ ಮನೆಗೆ ಹೋಗಿ ಬಾ, ಒಂದು ನಾಲ್ಕು ದಿನ."

"ಈಗ ಹೋದ್ರೆ ತಪ್ಪು ಒಪ್ಕೊಂಡು ಹೋದ ಹಾಗೆ. ನಾನು ಎಲ್ಲೂ ಹೋಗಲ್ಲ."

ಅವಳು ಹೋಗಲಿಲ್ಲ. ಬೆಳಿಗ್ಗೆ ಎದ್ದು ಅಡುಗೆ ಮಾಡಿಟ್ಟು ಶೆಡ್ಡಿಗೆ ಇಳಿದರೆ ಕತ್ತಲಾಗುವವರೆಗೆ ಅಲ್ಲೇ. ಹಂಡೆ, ಕೋಲು, ತೊಟ್ಟಿ, ಹಗ್ಗ. ಮನೆಯೊಳಗೆ ಅವಳು ಮಂಚದ ಪಕ್ಕ ಹಾದುಹೋದರೆ ಪೊಲೀಸಕ್ಕನ ಕಣ್ಣು ಅವಳ ಕೈ ಮೇಲೆ ಇರುತ್ತಿತ್ತು. ಬೀದಿಯ ಹೆಂಗಸರು ಬಟ್ಟೆ ಕೊಡುವ ನೆಪದಲ್ಲಿ ಬಂದು ಯಜಮಾನಿಯ ಕಾಲು ನೋಡಿ, ಸೊಸೆಯನ್ನು ನೋಡಿ, "ಪಾಪ," ಎಂದು ಯಾರಿಗೆ ಹೇಳಿದ್ದೆಂದು ತಿಳಿಯದ ಹಾಗೆ ಹೇಳಿ ಹೋಗುತ್ತಿದ್ದರು. ಸೊಸೆಗೆ ಇದ್ದದ್ದು ಒಂದೇ ಆಸ್ತಿ, ಒಳ್ಳೆಯವಳು ಎನ್ನುವ ಹೆಸರು. ಅದು ಅವಳ ಕಣ್ಣೆದುರೇ ಬಣ್ಣ ಬಿಡುತ್ತಿತ್ತು.

ಪೊಲೀಸಕ್ಕ ಸೇವೆಯಲ್ಲಿ ಸೋಮಾರಿಯಲ್ಲ. ಅಮ್ಮನ ತಲೆ ಬಾಚಿದಳು, ಹಾಸಿಗೆ ಬದಲಿಸಿದಳು, ಕಿಟಕಿ ತೆರೆದು ಕುರ್ಚಿಯಲ್ಲಿ ಕಾಲು ಇಳಿಬಿಟ್ಟು ಹೊತ್ತುಹೊತ್ತಿಗೆ ಕೂರಿಸಿದಳು. ಒಂದೇ ಒಂದು ತೊಡಕು. ಬಿಸಿನೀರಿನ ಒಲೆ ಇದ್ದದ್ದು ಶೆಡ್ಡಿನಲ್ಲಿ, ಸೊಸೆಯ ಹತ್ತಿರ. ಹೋಗಿ "ನೀರು ಕಾಯಿಸಿಕೊಡು" ಎಂದು ಕೇಳುವುದಕ್ಕೆ ಅವಳ ನಾಲಿಗೆ ಏಳಲಿಲ್ಲ. ಮೊದಲ ದಿನ ಸೊಸೆ ತಾನೇ ಬಕೆಟ್ಟು ತಂದು ಬಾಗಿಲಲ್ಲಿಟ್ಟಳು. ಪೊಲೀಸಕ್ಕ ಅದರಲ್ಲಿ ಬೆರಳದ್ದಿ, ಮೂಸಿ ನೋಡಿ, ಚರಂಡಿಗೆ ಸುರಿದಳು. ಎರಡನೇ ದಿನದಿಂದ ಬಕೆಟ್ಟು ಬರಲಿಲ್ಲ. ನಲ್ಲಿಯ ತಣ್ಣೀರಿನಲ್ಲೇ ಅಮ್ಮನ ಮೈ ಒರೆಸಿದಳು. ಯಜಮಾನಿ ನಡುಗುತ್ತಿದ್ದಳು, ಎಡಗೈಯಿಂದ ತಡೆಯುತ್ತಿದ್ದಳು.

"ಮಕ್ಕಳ ಹಾಗೆ ಮಾಡಬೇಡಮ್ಮ. ತಣ್ಣೀರು ಮೈಗೆ ಒಳ್ಳೇದು," ಎಂದು ಗದರುತ್ತಿದ್ದಳು ಮಗಳು.

ವಾರ ಕಳೆಯುವುದರೊಳಗೆ ಚುಕ್ಕೆಗಳು ತೊಡೆಗೆ ಏರಿದವು. ಕಣಕಾಲಲ್ಲಿ ಅವು ಒಂದಕ್ಕೊಂದು ಕೂಡಿ ಕಪ್ಪಗಾದವು. ಎಡಗಾಲ ಬೆರಳುಗಳು ನೀಲಿಗಟ್ಟಿದವು.

ಅದನ್ನು ಕಂಡ ಬೆಳಿಗ್ಗೆ ಪೊಲೀಸಕ್ಕ ಹಾಸಿಗೆಯ ಅಂಚಿನಲ್ಲಿ ಬಹಳ ಹೊತ್ತು ಕೂತಿದ್ದಳು. ಸೊಸೆ ಹತ್ತಿರ ಸುಳಿದಿರಲಿಲ್ಲ, ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕಾವಲು ಕೂತವಳು ಅವಳೇ ಅಲ್ಲವೇ. ಹಾಗಾದರೆ ತಾನು ಅಂದದ್ದು ತಪ್ಪು. ತಪ್ಪು ಎಂದು ಹೇಳಲು ಶೆಡ್ಡಿಗೆ ನಾಲ್ಕು ಹೆಜ್ಜೆ ಸಾಕಿತ್ತು. ಅವಳು ಹೋದದ್ದು ಚಪ್ಪಲಿ ಅಂಗಡಿಗೆ. ಮೊಣಕಾಲು ದಾಟುವ ಉದ್ದದ ಕಾಲುಚೀಲ ತಂದು ಅಮ್ಮನಿಗೆ ಎಳೆದು ತೊಡಿಸಿದಳು.

"ಇದ್ಯಾಕೆ?" ಅಂದರು ಅಪ್ಪ.

"ಚಳಿ ಅಲ್ವಾ ಅಪ್ಪ."

"ಕಾಲು ಹೇಗಿದೆ ಈಗ?"

"ವಾಸಿ ಆಗ್ತಾ ಇದೆ."

ಮನುಷ್ಯರು ಕೆಟ್ಟವರಾಗಲು ಕೆಟ್ಟ ಮನಸ್ಸೇ ಬೇಕೆಂದಿಲ್ಲ, ಬಾಯಿ ತಪ್ಪಿ ಆಡಿದ ಒಂದು ಮಾತನ್ನು ಉಳಿಸಿಕೊಳ್ಳುವ ಹಟ ಸಾಕು. ಕಾಲುಚೀಲ ಮೂರು ದಿನ ಬಿಚ್ಚಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಪೊಲೀಸಕ್ಕ ಔಷಧದ ಅಂಗಡಿಗೆ ಹೋದಾಗ ಅಪ್ಪ ಶೆಡ್ಡಿನ ಬಾಗಿಲಿಗೆ ಬಂದು ನಿಂತರು. ಸೊಸೆ ಹಂಡೆಯಿಂದ ಪರದೆ ಎತ್ತುತ್ತಿದ್ದಳು.

"ಒಂದು ನಿಮಿಷ ಒಳಗೆ ಬಾಮ್ಮ. ಏನೋ ವಾಸನೆ ಬರ್ತಾ ಇದೆ."

"ನಾನು ಮುಟ್ಟಬಾರದಲ್ವಾ ಮಾವ?"

"ನಾನು ಕರೀತಾ ಇದೀನಿ. ಬಾ."

ಅವಳು ಕೈ ಒರೆಸಿಕೊಂಡು ಬಂದಳು. ಕಾಲುಚೀಲ ಕಣಕಾಲಿಗೆ ಅಂಟಿಕೊಂಡಿತ್ತು. ಉಗುರುಬೆಚ್ಚಗಿನ ನೀರು ಹನಿಸಿ ಹನಿಸಿ ಬಿಡಿಸಿದಳು. ಅಡಿಯಲ್ಲಿ ಹುಣ್ಣು. ಅಪ್ಪ ನೋಡಿದವರೇ ಗೋಡೆ ಹಿಡಿದುಕೊಂಡರು.

ಅಷ್ಟರಲ್ಲಿ ಪೊಲೀಸಕ್ಕ ಬಾಗಿಲಿಗೆ ಬಂದಳು. "ಯಾರು ಹೇಳಿದ್ರು ಬಿಚ್ಚೋಕೆ? ಏನು ಮಾಡಿದೆ ಅಮ್ಮನಿಗೆ?"

ಸೊಸೆ ಕಾಲುಚೀಲವನ್ನು ಎತ್ತಿ ಹಿಡಿದಳು. "ಇದನ್ನ ಹಾಕಿದ್ದು ನೀವು. ಒಳಗೇನಿದೆ ಅಂತ ನೋಡಿ ಹಾಕಿದ್ರೋ, ನೋಡದೇ ಹಾಕಿದ್ರೋ?"

ಪೊಲೀಸಕ್ಕ ಕಾಲುಚೀಲದಿಂದ ಕಣ್ಣು ತೆಗೆದು ಕೈಯಲ್ಲಿದ್ದ ಔಷಧದ ಪೊಟ್ಟಣ ನೋಡಿದಳು.

"ನೋಡಿನೇ ಹಾಕಿದ್ದು ಅಲ್ವಾ? ಸರಿ, ಆಮೇಲೆ ಜಗಳ ಆಡೋಣ. ಮಾವ, ಆಟೋ ಕರೀರಿ."

ಈ ಸಲ ಸಿಕ್ಕಿದ್ದು ವಯಸ್ಸಾದ ಡಾಕ್ಟರಮ್ಮ. ಆಕೆ ಕಾಲನ್ನು ನೋಡಿದಳು, ಬೆರಳಿನಿಂದ ಒತ್ತಿ ನೋಡಿದಳು, ಬೆಳಕಿಗೆ ತಿರುಗಿಸಿ ನೋಡಿದಳು. "ಇದು ಎಷ್ಟು ದಿನದಿಂದ?"

ಅಪ್ಪ ಅಭ್ಯಾಸಬಲದಿಂದ ಬಾಯಿ ತೆರೆದರು. "ಅದು ಬ..." ಎಂದವರು ಅಲ್ಲಿಗೇ ನಿಲ್ಲಿಸಿದರು.

"ಗೊತ್ತಿಲ್ಲ ಡಾಕ್ಟ್ರೇ," ಅಂದಳು ಸೊಸೆ. "ವರ್ಷಗಳಿಂದ ಇರಬಹುದು. ಚಳಿಗಾಲದಲ್ಲಿ ತೊಟ್ಟಿಗೆ ಕೈ ಹಾಕಿದ್ರೆ ಬೆರಳು ಮೊದಲು ಬೆಳ್ಳಗಾಗೋದು, ಆಮೇಲೆ ನೀಲಿ. ಕೀಲು ನೋವು ಅನ್ನೋರು, ಸುಸ್ತು ಅನ್ನೋರು. ನಾವು ಬಣ್ಣದೋರು, ಎಲ್ಲ ಬಣ್ಣ ಅಂದ್ಕೊಂಡ್ವಿ."

ರಕ್ತ ತೆಗೆದರು. ಆಸ್ಪತ್ರೆಯಲ್ಲಿಯೇ ಇರಿಸಿಕೊಂಡರು. ಕೆಲವು ದಿನ ಬಿಟ್ಟು ಡಾಕ್ಟರಮ್ಮ ನಾಲ್ವರನ್ನೂ ಕೂರಿಸಿಕೊಂಡು ಹೇಳಿದಳು.

"ನಿಮ್ಮಮ್ಮನ ಲಿವರಿನಲ್ಲಿ ಹೆಪಟೈಟಿಸ್ ಸಿ ಅನ್ನೋ ವೈರಸ್ ಇದೆ. ಇವತ್ತು ನಿನ್ನೆಯದಲ್ಲ, ಬಹಳ ವರ್ಷದ್ದು. ಕಾಮಾಲೆ ಕೂಡ ಕಾಣದೆ ಒಳಗೇ ಇದ್ದುಬಿಡುತ್ತೆ. ಅದರಿಂದ ಕೆಲವರ ರಕ್ತದಲ್ಲಿ ಒಂದು ಕೆಟ್ಟ ಪ್ರೋಟೀನು ಹುಟ್ಟುತ್ತೆ. ಮೈ ಬೆಚ್ಚಗಿದ್ರೆ ಕರಗಿರುತ್ತೆ, ತಣ್ಣಗಾದ್ರೆ ಗಟ್ಟಿಯಾಗುತ್ತೆ. ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡ್ರೆ ಆ ನಾಳಗಳು ಊದ್ಕೋತವೆ, ಮುಚ್ಕೋತವೆ. ಕಾಲಲ್ಲಿ ಆದ್ರೆ ಈ ಚುಕ್ಕೆ."

"ತಲೇಲಿ ಆದ್ರೆ?" ಅಂದ ಮಗ.

"ತಲೇಲಿ ಆದದ್ದೇ ಅಮ್ಮನ ಲಕ್ವ, ಅಂತ ನನ್ನ ಅಂದಾಜು. ಇದೊಂದೇ ಕಾರಣ ಅಂತ ಪ್ರಮಾಣ ಮಾಡಿ ಹೇಳಲಾರೆ. ವಯಸ್ಸಿದೆ, ರಕ್ತದೊತ್ತಡ ಇದೆ. ಆದ್ರೆ ಮೊದಲ ಸಲವೇ ಈ ಕಾಲನ್ನ ಸರಿಯಾಗಿ ನೋಡಿದ್ದಿದ್ರೆ ಔಷಧಿ ಆಗಲೇ ಶುರು ಆಗ್ತಿತ್ತು."

"ಹಂಡೆ ಆರಿದ ಮೇಲೆ ಬಣ್ಣ ಹೆಪ್ಪುಗಟ್ಟಿ ಬಟ್ಟೆಗೆ ಗಂಟು ಗಂಟಾಗಿ ಹಿಡಿಯೋ ಹಾಗೆ," ಅಂದರು ಅಪ್ಪ ನಿಧಾನವಾಗಿ.

"ಹೆಚ್ಚು ಕಮ್ಮಿ ಹಾಗೇ. ತಣ್ಣೀರು ಮುಟ್ಟಿಸಬೇಡಿ, ಕಾಲು ಇಳಿಬಿಟ್ಟು ಬಹಳ ಹೊತ್ತು ಕೂರಿಸಬೇಡಿ."

ಪೊಲೀಸಕ್ಕ ಕೈಯಿಂದ ಬಾಯಿ ಮುಚ್ಚಿಕೊಂಡಳು.

ವೈರಸ್ಸಿಗೆ ಮಾತ್ರೆ ಇದೆ, ಕೆಲವು ತಿಂಗಳು ತಪ್ಪದೆ ನುಂಗಿದರೆ ಬಹುಪಾಲು ಹೋಗುತ್ತದೆ, ಕೈಕಾಲು ಎಷ್ಟು ವಾಪಸು ಬರುತ್ತದೆ ಎನ್ನುವುದನ್ನು ಈಗಲೇ ಹೇಳಲಾಗದು ಎಂದಳು ಡಾಕ್ಟರಮ್ಮ. ಹರಡುವುದು ರಕ್ತದಿಂದ ರಕ್ತಕ್ಕೆ. ತಟ್ಟೆ, ಲೋಟ, ಹಾಸಿಗೆ, ಮುಟ್ಟುವುದು ಇವುಗಳಿಂದಲ್ಲ. ಮನೆಯವರೆಲ್ಲ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ ಎಂದೂ ಹೇಳಿದಳು.

ಇಷ್ಟಾದ ಮೇಲೆ ಅನುಮಾನ ಮನೆ ಬಿಟ್ಟುಹೋಗಬೇಕಿತ್ತು. ಅದು ಮಗ್ಗುಲು ಬದಲಿಸಿತು ಅಷ್ಟೆ. ಮಾರನೆಯ ದಿನ ಗಂಜಿ ಕುಡಿಯುತ್ತಾ ಮಗ ಕೇಳಿದ, "ಅಮ್ಮನಿಗೆ ಇದು ಬಂದದ್ದು ಎಲ್ಲಿಂದ?"

ಅಪ್ಪ ಬಟ್ಟಲು ಕೆಳಗಿಟ್ಟರು. "ನನ್ನ ಮುಖ ಯಾಕೆ ನೋಡ್ತೀಯ?"

"ಎಲ್ಲರ ಮುಖಾನೂ ನೋಡ್ದೆ."

"ನನ್ನದನ್ನ ನೀನು ಜಾಸ್ತಿ ಹೊತ್ತು ನೋಡ್ದೆ."

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು," ಅಂದಳು ಪೊಲೀಸಕ್ಕ. "ವಯಸ್ಸಲ್ಲಿ ಊರೂರು ತಿರುಗ್ತಿದ್ರಲ್ಲ ಅಪ್ಪ, ನೂಲು ತರೋಕೆ."

"ನೂಲು ತರೋಕೆ ಹೋಗ್ತಿದ್ದೆ, ನೂಲೇ ತರ್ತಿದ್ದೆ!" ಅಪ್ಪ ಎದ್ದು ನಿಂತರು. "ನಾನು ಸನ್ಯಾಸಿ ಅಲ್ಲ, ಹಾಗಂತ ಕಳ್ಳನೂ ಅಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಮೊದಲು ಸೊಸೆ ಮೇಲೆ ಹತ್ತಿದ್ರಿ, ಈಗ ನನ್ನ ಮೇಲೆ. ನಾಳೆ ಆ ಡಾಕ್ಟರಮ್ಮನೇ ತಂದು ಹಾಕಿದಳು ಅನ್ನಿ!"

ಅವರು ಅಂದು ಊಟ ಮಾಡಲಿಲ್ಲ. ಸೊಸೆ ತಟ್ಟೆಯನ್ನು ಶೆಡ್ಡಿಗೆ ಒಯ್ದು ಅವರ ಮುಂದಿಟ್ಟಳು.

"ನೀನೂ ಹಾಗೇ ಅಂದ್ಕೊಂಡ್ಯಾ?" ಎಂದು ಕೇಳಿದರು.

"ಇಲ್ಲ ಮಾವ. ಅಂದ್ಕೊಳ್ಳೋದರ ಗತಿ ಏನು ಅಂತ ನಾನು ನೋಡಿದ್ದೀನಲ್ಲ."

ಉತ್ತರ ಸಿಕ್ಕಿದ್ದು ಆಸ್ಪತ್ರೆಯಲ್ಲಿ, ಅದೂ ಅರೆಬರೆ. ಹಿಂದೆ ಯಾವಾಗಲಾದರೂ ರಕ್ತ ಹಾಕಿಸಿದ್ದಿರಾ ಎಂದು ಡಾಕ್ಟರಮ್ಮ ಕೇಳಿದಾಗ ಅಪ್ಪ ಮಗನನ್ನು ತೋರಿಸಿದರು. "ಇವನು ಹುಟ್ಟುವಾಗ. ಬಹಳ ರಕ್ತ ಹೋಗಿತ್ತು. ಎರಡು ಬಾಟ್ಲಿ ಹಾಕಿದ್ರು."

"ಆಗ ಈ ವೈರಸ್ಸಿಗೆ ಪರೀಕ್ಷೆಯೇ ಇರಲಿಲ್ಲ. ಅದರಿಂದಲೂ ಇರಬಹುದು, ಒಂದೇ ಸೂಜಿಯಲ್ಲಿ ಹತ್ತು ಜನಕ್ಕೆ ಚುಚ್ಚುತ್ತಿದ್ದ ಕಾಲ, ಅದರಿಂದಲೂ ಇರಬಹುದು. ಇನ್ನು ಹುಡುಕಿ ಫಲವಿಲ್ಲ."

ಮಗ ಆ ದಿನ ಕೆಲಸ ಹಿಡಿಯಲು ಅಂಗಡಿಗಳ ಕಡೆ ಹೋಗಲಿಲ್ಲ. ಮನೆಯವರ ರಕ್ತದಲ್ಲಿ ಏನೂ ಇಲ್ಲವೆಂದು ಗೊತ್ತಾದ ಮೇಲೂ 'ಸದ್ಯ' ಎನ್ನುವ ಮಾತು ಯಾರ ಬಾಯಿಂದಲೂ ಬರಲಿಲ್ಲ.

ಯಜಮಾನಿ ಮನೆಗೆ ಬಂದಳು. ಹೊಸ ಚುಕ್ಕೆ ಏಳುವುದು ನಿಂತಿತ್ತು, ಹುಣ್ಣು ಮಾಯತೊಡಗಿತ್ತು. ಆ ಸಂಜೆ ಪೊಲೀಸಕ್ಕ ಹಣ್ಣಿನ ಚೀಲ ಹಿಡಿದು ಬಂದಳು. ಎಲ್ಲರಿಗೂ ಬಡಿಸಿ ಸೊಸೆ ಕೊನೆಗೆ ಕೂತಾಗ ಅವಳು ಚೀಲವನ್ನು ಮುಂದೆ ತಳ್ಳಿದಳು.

"ತಗೋ. ಆದದ್ದು ಆಗಿಹೋಯ್ತು. ಮನಸ್ಸಲ್ಲಿ ಇಟ್ಕೋಬೇಡ."

"ಏನಾದದ್ದು ಅಕ್ಕ?"

"ಅದೇ... ನಾನು ಏನೋ ಅಂದೆ."

"ಚಿವುಟ್ತೀನಿ ಅಂದ್ರಿ. ಬೀದಿಗೆಲ್ಲ ಕೇಳೋ ಹಾಗೆ ಅಂದ್ರಿ. ಹಣ್ಣು ಮಾತ್ರ ಕತ್ತಲಾದ ಮೇಲೆ ಚೀಲದಲ್ಲಿ ತಂದ್ರಿ. ಬೆಳಿಗ್ಗೆ ದರ್ಜಿ ಅಂಗಡಿ ಮುಂದೆ ನಿಂತು, ತಪ್ಪು ನನ್ನದು ಅಂತ ಹೇಳ್ತೀರಾ?"

"ದರ್ಜಿ ಮುಂದೆ ನಾನು ಯಾಕೆ..."

"ಹಾಗಾದ್ರೆ ಹಣ್ಣು ನೀವೇ ತಿನ್ನಿ."

"ಸಾಕು ಬಿಡ್ರೇ," ಅಂದ ಮಗ. "ಮುಗೀತಲ್ಲ. ನನಗಂತೂ ಮೊದಲಿಂದಲೂ ಗೊತ್ತಿತ್ತು, ಇವಳು ಅಂಥವಳಲ್ಲ ಅಂತ."

ಪೊಲೀಸಕ್ಕ ತಮ್ಮನ ಕಡೆ ತಿರುಗಿದಳು. ಅಷ್ಟು ದಿನ ತಡೆದಿದ್ದ ಅವಮಾನವೆಲ್ಲ ಮುಖಕ್ಕೆ ಏರಿತು.

"ಏನಂದೆ? ಮೊದಲಿಂದ ಗೊತ್ತಿತ್ತಾ? ಎಲ್ಲ ಪಾಪ ನನ್ನ ತಲೆ ಮೇಲೇನಾ? ನಾನು ಅಮ್ಮನ ಕಾಲು ನೋಡೋ ಮೊದಲೇ ನಮ್ಮ ಅಂಗಡಿಗೆ ಫೋನ್ ಮಾಡಿದ್ದು ಯಾರೋ? 'ಅಮ್ಮ ಬಿದ್ದದ್ದು ಹೇಗೆ ಅಂತ ನಂಗೆ ಸಮಾಧಾನ ಇಲ್ಲಕ್ಕ, ಇವಳೊಬ್ಬಳ ಕೈಗೆ ಬಿಡೋಕೆ ಭಯ, ನೀನು ಬಂದು ಅಮ್ಮನ ಮೈ ಪೂರ್ತಿ ನೋಡು, ನಾನು ಕೇಳಿದೆ ಅಂತ ಹೇಳಬೇಡ' ಅಂದದ್ದು ಯಾರೋ?"

ಸೊಸೆಯ ಕೈ ತಟ್ಟೆಯಲ್ಲೇ ನಿಂತಿತು. ಅಪ್ಪ ಮಗನನ್ನು ನೋಡಿದರು. ಮಗ ನೀರಿನ ಲೋಟ ಎತ್ತಿ, ಕುಡಿಯದೇ ಇಟ್ಟ.

"ಹೌದಾ?" ಅಂದಳು ಸೊಸೆ.

"ಅಮ್ಮ ಅಲ್ವಾ... ಆಗಿನ ಗಾಬರೀಲಿ ಏನೋ..."

"ಹೌದೋ ಅಲ್ವೋ?"

"ಹೌದು."

ಅವಳು ಅಳುತ್ತಾಳೆಂದು ಮೂವರೂ ಕಾದರು. ಬೈಯುತ್ತಾಳೆ, ಬಟ್ಟೆ ಕಟ್ಟಿಕೊಂಡು ಅಕ್ಕನ ಮನೆಗೆ ಹೊರಡುತ್ತಾಳೆ ಎಂದು ಕಾದರು. ಅವಳು ಅನ್ನ ಮುಗಿಸಿದಳು. ತಟ್ಟೆ ತೊಳೆದಿಟ್ಟು ಬಂದಳು. ಅವಳ ಎದೆಯೊಳಗೆ ಹೊತ್ತಿಕೊಂಡಿದ್ದು ಅವಳಿಗೊಬ್ಬಳಿಗೇ ಗೊತ್ತಿತ್ತು. ಅತ್ತೆಯ ಬೈಗುಳ, ಪೊಲೀಸಕ್ಕನ ಕಾವಲು, ಬೀದಿಯವರ 'ಪಾಪ' ಎಲ್ಲವನ್ನೂ ಅವಳು ತಡೆದುಕೊಂಡದ್ದು ಒಬ್ಬನಾದರೂ ನಂಬಿದ್ದಾನೆ ಎಂದುಕೊಂಡು.

"ನಾಳೆಯಿಂದ ಅತ್ತೆ ಕಾಲು ತೊಳೆದು ಮುಲಾಮು ಹಚ್ಚೋದು ನಿಮ್ಮ ಕೆಲಸ," ಅಂದಳು ಗಂಡನಿಗೆ.

"ನಾನಾ? ನಂಗೆ ಅದೆಲ್ಲ ಎಲ್ಲಿ ಬರುತ್ತೆ?"

"ಬರುತ್ತೆ. ನೀರು ಕಾಯಿಸಿ ನಾನು ಕೊಡ್ತೀನಿ."

"ಮತ್ತೆ ನೀನೇನು ಮಾಡ್ತೀಯ?"

"ಬಾಗಿಲಲ್ಲಿ ನಿಂತು ನೋಡ್ತಿರ್ತೀನಿ. ಅಮ್ಮನ್ನ ಯಾರೊಬ್ಬರ ಕೈಗೂ ಬಿಡಬಾರದಂತಲ್ಲ."

ಮರುದಿನ ಬೆಳಿಗ್ಗೆ ಮಗ ಅಮ್ಮನ ಕಾಲ ಬಳಿ ಕುಕ್ಕರಗಾಲಲ್ಲಿ ಕೂತು, ಬಿಸಿನೀರಿಗೆ ಬಟ್ಟೆ ಅದ್ದಿ ಹಿಂಡಿದ. ಹುಣ್ಣಿಗೆ ಬಟ್ಟೆ ತಾಗಿ ಯಜಮಾನಿ "ಹಾ" ಅಂದಳು. ಮಗ ಬೆಚ್ಚಿ ಬಾಗಿಲ ಕಡೆ ತಿರುಗಿದ.

"ನಾನು ಬೇಕಂತ ಮಾಡ್ಲಿಲ್ಲ," ಅಂದ.

ಸೊಸೆ ಚೌಕಟ್ಟಿಗೆ ಒರಗಿ ನಿಂತಿದ್ದಳು. ಅವಳ ಕಣ್ಣು ಅವನ ಕೈ ಮೇಲೆ ಇತ್ತು.